ಸ್ಕೋರ್ ನೋಡುವ ಮೊದಲು ಗೆರೆ ನೋಡಿ

ಈಚೆಗೆ ನಮ್ಮ ಕಾಲೇಜಿಗೆ ಒಂದು ಕಂಪನಿ ಇಂಟರ್ನ್‌ಶಿಪ್‌ಗೆ ಆಯ್ಕೆ ಮಾಡಲು ಬಂದಿತ್ತು. ನೋಟಿಸ್ ಬೋರ್ಡಿನಲ್ಲಿ ‘ವಿದ್ಯಾರ್ಥಿನಿಯರಿಗೆ ಮಾತ್ರ’ ಎಂದು ಬರೆದಿತ್ತು. ಅಷ್ಟು ಸಾಕಾಯಿತು. ಅಂದು ಕ್ಯಾಂಟೀನಿನಲ್ಲಿ ಬೇರೆ ಮಾತೇ ಇಲ್ಲ. ‘ಅವರಿಗೇನಪ್ಪಾ, ಹುಡುಗಿಯಾಗಿ ಹುಟ್ಟಿದರೆ ಸಾಕು, ಕೆಲಸ ರೆಡಿ’ ಎಂದ ಒಬ್ಬ. ‘ಸಮಾನತೆ ಬೇಕಂತೆ, ಸೀಟು ಮಾತ್ರ ಬೇರೆ ಬೇಕಂತೆ’ ಎಂದ ಇನ್ನೊಬ್ಬ. ಆ ಇನ್ನೊಬ್ಬ ನಾನೇ. ಮೂರನೆಯವನು ಮಾತನ್ನು ಆಟದ ಕಡೆಗೆ ಎಳೆದ: ‘ಕ್ರೀಡೆಯಲ್ಲೂ ಅಷ್ಟೇ. ಅಷ್ಟೊಂದು ಸಮಾನ ಅನ್ನೋದಾದರೆ ಗಂಡಸರ ಜೊತೆಗೇ ಆಡಲಿ, ಆಗ ಗೊತ್ತಾಗುತ್ತೆ.’

ಪಕ್ಕದ ಟೇಬಲ್ಲಿನಲ್ಲಿ ನಮ್ಮ ಪ್ರಾಜೆಕ್ಟ್ ತಂಡದ ಹುಡುಗಿ ಕುಳಿತಿದ್ದಳು. ಜಗಳಕ್ಕೆ ಬರಲಿಲ್ಲ. ‘ಗಾಲ್ಫ್‌ನಲ್ಲಿ ಆಡಿದ್ದಾರಲ್ಲ, ಏನಾಯಿತು ಅಂತ ಓದಿಕೊಂಡು ಬನ್ನಿ’ ಎಂದಷ್ಟೇ ಹೇಳಿ ಎದ್ದುಹೋದಳು.

ಗಾಲ್ಫ್ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಬೆಳಗ್ಗೆ. 2021ರ ಆಗಸ್ಟ್ 7, ಶನಿವಾರ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು ಆಡುತ್ತಿದ್ದರು. ಕುಳಿಗೆ ಚೆಂಡು ಬೀಳಬೇಕು ಅನ್ನುವುದರಾಚೆ ಏನೂ ತಿಳಿಯದ ನಮ್ಮ ಮನೆಯವರೆಲ್ಲ ಟಿ.ವಿ. ಮುಂದೆ ಕುಳಿತಿದ್ದೆವು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿತು. ಅಂದು ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ಊರೆಲ್ಲ ಗಾಲ್ಫ್ ಮರೆತಿತು. ನಾನೂ ಮರೆತಿದ್ದೆ. ಗೆಳತಿ ಹೇಳಿದ ಮೇಲೆ ಮತ್ತೆ ಹುಡುಕಿ ಓದಿದೆ. ಈಗ ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಗಂಡು–ಹೆಣ್ಣು ಜೊತೆಯಾಗಿ ಆಡುವ ಗಾಲ್ಫ್ ಮಿಶ್ರ ತಂಡ ಸ್ಪರ್ಧೆ ಮೊದಲ ಬಾರಿಗೆ ಸೇರ್ಪಡೆಯಾಗುತ್ತಿದೆ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಗಾಲ್ಫ್ ಅಂಗಳದಲ್ಲಿ 18 ಕುಳಿಗಳು. ಪ್ರತಿ ಕುಳಿಗೂ ಒಂದು ಜಾಗದಿಂದ ಮೊದಲ ಹೊಡೆತ ಹೊಡೆಯಬೇಕು. ಆ ಜಾಗಕ್ಕೆ ‘ಟೀ’ ಎನ್ನುತ್ತಾರೆ. ನಮ್ಮ ಕ್ಯಾಂಟೀನ್ ಟೀಗೂ ಇದಕ್ಕೂ ಸಂಬಂಧವಿಲ್ಲ. ಎಷ್ಟು ಕಡಿಮೆ ಹೊಡೆತದಲ್ಲಿ ಮುಗಿಸುತ್ತೀರೋ ಅಷ್ಟು ಒಳ್ಳೆಯದು. ಇಷ್ಟರಲ್ಲಿ ಮುಗಿಸಬೇಕು ಎಂಬ ಲೆಕ್ಕಕ್ಕೆ ‘ಪಾರ್’ ಎಂದು ಹೆಸರು. ದೊಡ್ಡ ಟೂರ್ನಿಗಳು ಸಾಮಾನ್ಯವಾಗಿ ನಾಲ್ಕು ದಿನ ನಡೆಯುತ್ತವೆ. ಎರಡು ದಿನ ಮುಗಿದ ಮೇಲೆ ಹಿಂದುಳಿದವರು ಮನೆಗೆ. ಇದು ‘ಕಟ್’. ಕಟ್ ದಾಟಿದವರಿಗೆ ಮಾತ್ರ ಉಳಿದೆರಡು ದಿನದ ಆಟ, ಬಹುಮಾನದ ಹಣ.

ಮುಖ್ಯವಾದ ಸಂಗತಿ ಇನ್ನೊಂದಿದೆ. ಒಂದೇ ಕುಳಿಗೆ ಹಲವು ಟೀ ಇರುತ್ತವೆ, ಕೆಲವು ಹಿಂದೆ, ಕೆಲವು ಮುಂದೆ. ಹೆಚ್ಚಿನ ಅಂಗಳಗಳಲ್ಲಿ ವೃತ್ತಿಪರ ಗಂಡಸರು ತೀರಾ ಹಿಂದಿನ ಗೆರೆಯಿಂದ ಆಡುತ್ತಾರೆ. ಹೆಂಗಸರು, ಮಕ್ಕಳು, ವಯಸ್ಸಾದವರು ಮುಂದಿನ ಗೆರೆಗಳಿಂದ. ಅಂಗಳ ಒಂದೇ, ಕುಳಿ ಒಂದೇ, ಹೊರಡುವ ಗೆರೆ ಬೇರೆ. ‘ಹೆಣ್ಣು ಗಂಡಿನ ಜೊತೆ ಆಡಬಲ್ಲಳೇ’ ಎಂಬ ಪ್ರಶ್ನೆಯ ಒಳಗೆ ಯಾವಾಗಲೂ ‘ಯಾವ ಗೆರೆಯಿಂದ’ ಎಂಬ ಇನ್ನೊಂದು ಪ್ರಶ್ನೆ ಇದೆ. ಕ್ಯಾಂಟೀನಿನಲ್ಲಿ ನಮಗೆ ಅದು ಹೊಳೆದಿರಲಿಲ್ಲ.

ಗಂಡಸರ ಟೂರ್ನಿಗೆ ಹೆಣ್ಣುಮಕ್ಕಳು ಮುಖ್ಯವಾಗಿ ಮೂರು ಬಾಗಿಲುಗಳಿಂದ ಬಂದಿದ್ದಾರೆ. ಮೊದಲನೆಯದು ಆಹ್ವಾನ.

2003ರ ಮೇ ತಿಂಗಳು. ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್‌ವರ್ತ್‌ನಲ್ಲಿ ನಡೆಯುವ ಕಲೋನಿಯಲ್ ಟೂರ್ನಿಗೆ ಸ್ವೀಡನ್ನಿನ ಆನಿಕಾ ಸೊರೆನ್‌ಸ್ಟಾಮ್‌ಗೆ ಪ್ರಾಯೋಜಕರ ಆಹ್ವಾನ ಸಿಕ್ಕಿತು. ಅದು ಗಂಡಸರ ಪಿಜಿಎ ಟೂರ್‌ನ ಸ್ಪರ್ಧೆ. ಹಿಂದಿನ ವರ್ಷವಷ್ಟೇ ಆಕೆ ಮಹಿಳೆಯರ ಎಲ್‌ಪಿಜಿಎ ಟೂರ್‌ನಲ್ಲಿ 11 ಟೂರ್ನಿ ಗೆದ್ದಿದ್ದರು. 2001ರಲ್ಲಿ ಒಂದು ಸುತ್ತನ್ನು 59 ಹೊಡೆತಗಳಲ್ಲಿ ಮುಗಿಸಿದ್ದರು. ಗೆಲ್ಲಲು ತನ್ನ ಟೂರ್‌ನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು ಎನ್ನುವುದು ಆಕೆ ಕೊಟ್ಟ ಕಾರಣ.

ವಿರೋಧ ಬಂತು. ಫಿಜಿ ದೇಶದ, ಭಾರತೀಯ ಮೂಲದ ದೊಡ್ಡ ಆಟಗಾರ ವಿಜಯ್ ಸಿಂಗ್, ಆಕೆಗೆ ಇಲ್ಲೇನು ಕೆಲಸ ಎಂಬರ್ಥದ ಮಾತಾಡಿದರು. ಆಟಗಾರನೊಬ್ಬನ ಸ್ಥಾನವನ್ನು ಆಕೆ ಕಿತ್ತುಕೊಳ್ಳುತ್ತಿದ್ದಾರೆ ಎನ್ನುವುದು ಅವರ ದೂರು. ಕೊನೆಗೆ ಅವರೇ ಆ ಟೂರ್ನಿಯಿಂದ ಹಿಂದೆ ಸರಿದರು. ಇದನ್ನು ಓದಿದಾಗ ನನಗೆ ಮುಜುಗರವಾಯಿತು. ಕ್ಯಾಂಟೀನಿನಲ್ಲಿ ನಾನು ಆಡಿದ್ದು ಇದೇ ಮಾತು, ಭಾಷೆಯಷ್ಟೇ ಬೇರೆ.

ಆದರೆ ಆ ಸ್ಥಾನ ಯಾರದ್ದು? ಪಿಜಿಎ ಟೂರ್‌ನ ಟೂರ್ನಿಗಳಲ್ಲಿ ಪ್ರಾಯೋಜಕರು ತಮ್ಮಿಷ್ಟದವರನ್ನು ಕರೆಯಲು ಕೆಲವು ಸ್ಥಾನ ಇಟ್ಟುಕೊಳ್ಳುವುದು ಹಳೆಯ ಪದ್ಧತಿ. ಆ ಊರಿನ ಹುಡುಗನಿಗೆ, ಫಾರ್ಮ್ ಕಳೆದುಕೊಂಡ ಹಳೆಯ ಚಾಂಪಿಯನ್‌ಗೆ, ಮುಂದೆ ಬೆಳೆಯಬಹುದಾದ ಹದಿಹರೆಯದವನಿಗೆ ಅದನ್ನು ಕೊಡುತ್ತಾರೆ. 1992ರಲ್ಲಿ ಲಾಸ್ ಏಂಜಲೀಸ್ ಓಪನ್‌ಗೆ 16 ವರ್ಷದ ಒಬ್ಬ ಶಾಲಾ ಹುಡುಗ ಇದೇ ಬಾಗಿಲಿನಿಂದ ಬಂದ. ಕಟ್ ದಾಟಲಿಲ್ಲ. ಅವನ ಹೆಸರು ಟೈಗರ್ ವುಡ್ಸ್. ಇಂದು ನಾವು ಆ ಸೋಲನ್ನು ಅವನ ಪಯಣದ ಮೊದಲ ಹೆಜ್ಜೆ ಎಂದು ಓದುತ್ತೇವೆ. ಸೊರೆನ್‌ಸ್ಟಾಮ್ ಕಟ್ ದಾಟದೇ ಹೋದದ್ದನ್ನು ಮಾತ್ರ ‘ನೋಡಿದಿರಾ, ಆಗಲಿಲ್ಲ’ ಎಂದು ಓದುತ್ತೇವೆ.

ಹೌದು, ಅವರೂ ಕಟ್ ದಾಟಲಿಲ್ಲ. ಪಾರ್ 70ರ ಅಂಗಳದಲ್ಲಿ ಮೊದಲ ದಿನ 71, ಎರಡನೇ ದಿನ 74. ನಾಲ್ಕು ಹೊಡೆತಗಳ ಅಂತರದಲ್ಲಿ ಹೊರಬಿದ್ದರು. ಯಾವ ರಿಯಾಯಿತಿಯೂ ಇರಲಿಲ್ಲ, ಎಲ್ಲ ಗಂಡಸರು ಹೊಡೆದ ಗೆರೆಯಿಂದಲೇ ಹೊಡೆದರು. ಕೊನೆಯಲ್ಲಿ ಕಣ್ಣೀರು ಬಂತು. ಆಮೇಲೆ ತಮ್ಮ ಟೂರ್‌ಗೆ ಮರಳಿ ಅದೇ ವರ್ಷ ಎರಡು ಮೇಜರ್ ಪ್ರಶಸ್ತಿ ಗೆದ್ದರು. ಪಿಜಿಎ ಟೂರ್‌ನಲ್ಲಿ ಮತ್ತೆ ಆಡಲಿಲ್ಲ.

ಅವರ ನಂತರ ಬಂದವರ ಕಥೆಯೂ ಹೆಚ್ಚು ಕಡಿಮೆ ಇದೇ. 2004ರಲ್ಲಿ ಹವಾಯಿಯ ಸೋನಿ ಓಪನ್‌ನಲ್ಲಿ ಮಿಶೆಲ್ ವೀ ಎರಡನೇ ದಿನ 68 ಹೊಡೆದರು. ಒಂದೇ ಹೊಡೆತದಲ್ಲಿ ಕಟ್ ತಪ್ಪಿತು. ಆಗ ವಯಸ್ಸು 14. 2023ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಲೆಕ್ಸಿ ಥಾಂಪ್ಸನ್ 73 ಮತ್ತು 69 ಹೊಡೆದರು. ಮೂರು ಹೊಡೆತಗಳಲ್ಲಿ ತಪ್ಪಿತು. ಪಿಜಿಎ ಟೂರ್‌ನಲ್ಲಿ ಕಟ್ ದಾಟಿದ ಹೆಣ್ಣು ಇವತ್ತಿಗೂ ಒಬ್ಬರೇ, ಬೇಬ್ ಡಿಡ್ರಿಕ್ಸನ್ ಜಹಾರಿಯಾಸ್. ಅದು 1945ರಲ್ಲಿ. ಆಕೆ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಮತ್ತು ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದು ಆಮೇಲೆ ಗಾಲ್ಫ್‌ಗೆ ಬಂದವರು.

ಹಾಗಾದರೆ ನನ್ನ ಗೆಳೆಯ ಹೇಳಿದ್ದು ಸರಿಯೇ? ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು.

ಪಿಜಿಎ ಟೂರ್‌ನ ಗಂಡಸರು ಬೀಸುವ ಕ್ಲಬ್ಬಿನ ತಲೆಯ ಸರಾಸರಿ ವೇಗ ಗಂಟೆಗೆ ಸುಮಾರು 113 ಮೈಲಿ. ಎಲ್‌ಪಿಜಿಎ ಆಟಗಾರ್ತಿಯರದು ಸುಮಾರು 94. ವ್ಯತ್ಯಾಸ ಶೇ 20 ಎಂದು ಕಾಣುತ್ತದೆ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ನಾವು ಪಿಯುಸಿಯಲ್ಲೇ ಓದಿದ್ದೇವೆ. ಕ್ಲಬ್ಬಿನ ತೂಕ ಒಂದೇ ಎಂದುಕೊಂಡರೆ ಶಕ್ತಿಯ ವ್ಯತ್ಯಾಸ ಶೇ 44ರಷ್ಟಾಗುತ್ತದೆ. ಗಂಡಸರ ಮೊದಲ ಹೊಡೆತ ಸುಮಾರು 300 ಗಜ ಹೋದರೆ ಹೆಂಗಸರದು 260 ಗಜದ ಆಸುಪಾಸು.

ನಷ್ಟ ಆ 40 ಗಜಕ್ಕೇ ಮುಗಿಯುವುದಿಲ್ಲ. ಕುಳಿ 450 ಗಜ ದೂರ ಇದೆ ಎನ್ನಿ. ಗಂಡಸಿಗೆ ಉಳಿದದ್ದು 150 ಗಜ. ಅವನು ಗಿಡ್ಡ ಕ್ಲಬ್ ಹಿಡಿದು ಚೆಂಡನ್ನು ಎತ್ತರಕ್ಕೆ ಎತ್ತುತ್ತಾನೆ. ಅದು ಮೇಲಿಂದ ಬಿದ್ದು ಕುಳಿಯ ಹತ್ತಿರವೇ ನಿಲ್ಲುತ್ತದೆ. ಹೆಣ್ಣಿಗೆ 190 ಗಜ ಉಳಿದಿದೆ. ಉದ್ದ ಕ್ಲಬ್ ಹಿಡಿಯಲೇಬೇಕು. ಚೆಂಡು ತಗ್ಗಿನಲ್ಲಿ ಹಾರಿ, ಗಟ್ಟಿ ನೆಲಕ್ಕೆ ಬಡಿದು, ಕುಳಿ ದಾಟಿ ಉರುಳುತ್ತದೆ. ಮೊದಲ ಹೊಡೆತದ ಕೊರತೆ ಎರಡನೆಯದಕ್ಕೆ ಬಡ್ಡಿ ಸೇರಿಸುತ್ತದೆ, ಎರಡನೆಯದರ ಕೊರತೆ ಮೂರನೆಯದಕ್ಕೆ. ಇದು ಹದಿನೆಂಟು ಸಲ. ಹೀಗಿದ್ದೂ ವಿಶ್ವದ ಅತ್ಯುತ್ತಮ ಗಂಡಸರ ಜೊತೆ ಆಡಿ ಒಂದು, ಮೂರು, ನಾಲ್ಕು ಹೊಡೆತಗಳಲ್ಲಿ ತಪ್ಪಿಸಿಕೊಂಡಿದ್ದಾರೆ ಎಂದರೆ ಉಳಿದ ಕೌಶಲದಲ್ಲಿ ಅವರು ಎಲ್ಲಿದ್ದಾರೆ ಎಂದು ಯೋಚಿಸಬೇಕಾಗುತ್ತದೆ.

ದೇಹದ ವ್ಯತ್ಯಾಸ ಸುಳ್ಳಲ್ಲ. ಅದನ್ನು ಮುಚ್ಚಿಟ್ಟು ಸಮಾನತೆಯ ಮಾತಾಡಿದರೆ ಯಾರೂ ನಂಬುವುದಿಲ್ಲ. ಆದರೆ ಹಿಂದಿನ ಗೆರೆಯಿಂದ ಆಡಿಸಿದಾಗ ನಾವು ಕೌಶಲವನ್ನು ಅಳೆಯುತ್ತಿದ್ದೇವೋ ತೋಳಿನ ಬಲವನ್ನೋ? ಎರಡೂ ಬೆರೆತ ಒಂದೇ ಸಂಖ್ಯೆ ಸಿಗುತ್ತದೆ. ಪ್ರಯೋಗಾಲಯದಲ್ಲಿ ಎರಡು ಅಂಶಗಳನ್ನು ಒಟ್ಟಿಗೇ ಬದಲಿಸಿ ಫಲಿತಾಂಶ ಬರೆದರೆ ನಮ್ಮ ಮೇಷ್ಟ್ರು ರೆಕಾರ್ಡ್ ಪುಸ್ತಕ ವಾಪಸ್ ಎಸೆಯುತ್ತಾರೆ.

ಎರಡನೇ ಬಾಗಿಲು ಅರ್ಹತೆ. ಇದರಿಂದ ಬಂದವರು ಅಮೆರಿಕದ ಕನೆಕ್ಟಿಕಟ್‌ನ ಗಾಲ್ಫ್ ತರಬೇತುದಾರ್ತಿ ಸೂಜಿ ವೇಲಿ. 2002ರಲ್ಲಿ ಅಲ್ಲಿನ ಪ್ರಾದೇಶಿಕ ವೃತ್ತಿಪರರ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರನ್ನು ಸೋಲಿಸಿದರು. ಗೆದ್ದವರಿಗೆ 2003ರ ಗ್ರೇಟರ್ ಹಾರ್ಟ್‌ಫರ್ಡ್ ಓಪನ್‌ನಲ್ಲಿ ಸ್ಥಾನ. ಆದರೆ ಆಕೆ ಅರ್ಹತಾ ಸ್ಪರ್ಧೆಯನ್ನು ಶೇ 10ರಷ್ಟು ಮುಂದಿನ ಗೆರೆಯಿಂದ ಆಡಿದ್ದರು. ಅದು ಆಗಿನ ನಿಯಮದೊಳಗೇ ಇತ್ತು. ಟೂರ್ನಿಯಲ್ಲಿ ಪೂರ್ಣ ದೂರದಿಂದ ಆಡಿದಾಗ 75 ಮತ್ತು 78 ಬಂತು, ಕಟ್ ತಪ್ಪಿತು. ಆಮೇಲೆ ನಿಯಮವನ್ನೇ ಬದಲಿಸಿದರು. ಗಂಡಸರ ಟೂರ್ನಿಯ ಸ್ಥಾನ ಬೇಕೆಂದರೆ ಅರ್ಹತೆಯನ್ನೂ ಗಂಡಸರ ಗೆರೆಯಿಂದಲೇ ಗಳಿಸಬೇಕು ಎಂದರು. ಆ ಬದಲಾವಣೆ ತಪ್ಪೆಂದು ನನಗೆ ಅನಿಸುವುದಿಲ್ಲ. ಎರಡು ಗೆರೆಯಿಂದ ಆಡಿಸಿ ಒಂದೇ ಗೆರೆಯ ಟೂರ್ನಿಗೆ ಕಳಿಸಿದರೆ, ಗೆದ್ದವರಿಗೂ ಸೋತವರಿಗೂ ಅನ್ಯಾಯವೇ. ಇದೇ ಸೂಜಿ ವೇಲಿ 2018ರಲ್ಲಿ ಅಮೆರಿಕದ ಗಾಲ್ಫ್ ವೃತ್ತಿಪರರ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಮೂರನೇ ಬಾಗಿಲನ್ನು ಕಟ್ಟಿದವರಲ್ಲಿ ಸೊರೆನ್‌ಸ್ಟಾಮ್ ಕೂಡ ಒಬ್ಬರು. ತಮ್ಮದೇ ದೇಶದ ಹೆನ್ರಿಕ್ ಸ್ಟೆನ್ಸನ್ ಜೊತೆ ಸೇರಿ ಅವರು ಸ್ವೀಡನ್ನಿನಲ್ಲಿ ‘ಸ್ಕ್ಯಾಂಡಿನೇವಿಯನ್ ಮಿಕ್ಸ್ಡ್’ ಎಂಬ ಟೂರ್ನಿಯ ಆತಿಥ್ಯ ವಹಿಸಿದರು. ಗಂಡಸರು, ಹೆಂಗಸರು ಒಂದೇ ಅಂಗಳದಲ್ಲಿ, ಒಂದೇ ಟ್ರೋಫಿಗೆ, ಒಂದೇ ಬಹುಮಾನದ ಹಣಕ್ಕೆ. ಗೆರೆ ಮಾತ್ರ ಬೇರೆ. ಎರಡನೇ ಹೊಡೆತದ ಹೊತ್ತಿಗೆ ಇಬ್ಬರ ಮುಂದೆಯೂ ಹೆಚ್ಚುಕಡಿಮೆ ಒಂದೇ ಸವಾಲು ಇರಲಿ ಎನ್ನುವುದು ಹೀಗೆ ಬೇರೆ ಗೆರೆ ಇಡುವುದರ ಹಿಂದಿನ ತರ್ಕ.

2022ರ ಜೂನ್‌ನಲ್ಲಿ ಅಲ್ಲಿ 22 ವರ್ಷದ ಲಿನ್ ಗ್ರಾಂಟ್ ಪಾರ್‌ಗಿಂತ 24 ಹೊಡೆತ ಕಡಿಮೆ ಆಡಿ ಗೆದ್ದರು. ಎರಡನೇ ಸ್ಥಾನದಲ್ಲಿದ್ದ ಸ್ಟೆನ್ಸನ್ ಮತ್ತು ಮಾರ್ಕ್ ವಾರೆನ್ ಒಂಬತ್ತು ಹೊಡೆತ ಹಿಂದಿದ್ದರು. ಯುರೋಪಿನ ಗಂಡಸರ ಪ್ರಮುಖ ಟೂರ್ ಆದ ಡಿಪಿ ವರ್ಲ್ಡ್ ಟೂರ್‌ನಲ್ಲಿ ಹೆಣ್ಣೊಬ್ಬಳು ಗೆದ್ದದ್ದು ಅದೇ ಮೊದಲು.

ಇದನ್ನು ಹೇಳಿದಾಗ ಗೆಳೆಯ ಬಿಡಲಿಲ್ಲ. ‘ಗೆರೆ ಮುಂದಿಟ್ಟರೆ ಯಾರು ಬೇಕಾದರೂ ಗೆಲ್ತಾರೆ’ ಎಂದ. ನ್ಯಾಯವಾದ ಅನುಮಾನ. ಅದಕ್ಕೇ ಮುಂದಿನ, ಹಿಂದಿನ ವರ್ಷಗಳನ್ನೂ ನೋಡಿದೆ. 2021ರಲ್ಲಿ ಗೆದ್ದದ್ದು ಜೊನಾಥನ್ ಕಾಲ್ಡ್‌ವೆಲ್, 2023ರಲ್ಲಿ ಡೇಲ್ ವಿಟ್ನಲ್. ಇಬ್ಬರೂ ಗಂಡಸರು. 2024ರಲ್ಲಿ ಮತ್ತೆ ಗ್ರಾಂಟ್, ಈ ಸಲ ಒಂದೇ ಹೊಡೆತದ ಅಂತರದಲ್ಲಿ. ನಾಲ್ಕು ವರ್ಷದಲ್ಲಿ ಎರಡು ಸಲ ಗಂಡು, ಎರಡು ಸಲ ಹೆಣ್ಣು. ಗೆರೆ ತೀರಾ ಮುಂದಿದ್ದರೆ ಪ್ರತಿ ವರ್ಷ ಹೆಣ್ಣೇ ಗೆಲ್ಲಬೇಕಿತ್ತು. ನಾಲ್ಕು ವರ್ಷದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ನಿಜ. ಆದರೆ ಗೆರೆ ಎಲ್ಲಿರಬೇಕು ಎಂಬುದನ್ನು ಲೆಕ್ಕ ಹಾಕಿ, ಆಡಿಸಿ, ತಿದ್ದಿಕೊಳ್ಳಬಹುದು ಎಂಬುದಂತೂ ಕಾಣುತ್ತದೆ.

ಇದು ಹಣದ ವಿಷಯವೂ ಹೌದು. 2024ರ ಗಂಡಸರ ಯು.ಎಸ್. ಓಪನ್‌ನ ಒಟ್ಟು ಬಹುಮಾನ 2.15 ಕೋಟಿ ಡಾಲರ್. ಅದೇ ವರ್ಷದ ಹೆಂಗಸರ ಯು.ಎಸ್. ಓಪನ್‌ನದು 1.2 ಕೋಟಿ. ಮಹಿಳಾ ಗಾಲ್ಫ್‌ನಲ್ಲಿ ಅದೇ ಬಹಳ ದೊಡ್ಡ ಮೊತ್ತ. ಒಂದೇ ಬಹುಮಾನಕ್ಕೆ ಇಬ್ಬರೂ ಆಡುವ ಟೂರ್ನಿ ಆಟಗಾರ್ತಿಯೊಬ್ಬಳ ಜೀವನಕ್ಕೆ ಏನೆಂದು ಕೆಲಸ ಹುಡುಕುತ್ತಿರುವ ನಮಗೆ ವಿವರಿಸಬೇಕಿಲ್ಲ.

ನಮ್ಮ ಅದಿತಿಯ ಕಡೆಗೆ ಒಮ್ಮೆ ತಿರುಗಿ ನೋಡಿ. ಟೋಕಿಯೊಗೆ ಹೋದಾಗ ಅವರ ವಿಶ್ವ ರ್‍ಯಾಂಕ್ 200. ಆ ವರ್ಷ ಕೋವಿಡ್ ಬಂದು ಹೊಡೆತದ ದೂರ ಇನ್ನಷ್ಟು ಕಡಿಮೆಯಾಗಿತ್ತು. ದೂರ ಹೊಡೆಯುವುದರಲ್ಲಿ ಅಲ್ಲಿದ್ದ ಹೆಚ್ಚಿನವರಿಗಿಂತ ಹಿಂದಿದ್ದರು. ಅವರನ್ನು ನಾಲ್ಕನೇ ಸ್ಥಾನಕ್ಕೆ ತಂದದ್ದು ಕುಳಿಯ ಬಳಿಯ ಸೂಕ್ಷ್ಮ ಹೊಡೆತಗಳು. ಕ್ಲಬ್ಬುಗಳ ಚೀಲ ಹೊತ್ತು ಜೊತೆಗೆ ನಡೆದದ್ದು ಅಮ್ಮ ಮಹೇಶ್ವರಿ. ಅಂದರೆ ಹೆಂಗಸರ ಒಳಗೂ ದೂರ ಹೊಡೆಯುವವರು, ಹೊಡೆಯಲಾಗದವರು ಇದ್ದಾರೆ. ತೋಳಬಲ ಒಂದೇ ಆಟವಲ್ಲ.

ಈಗ ಮತ್ತೆ ನಮ್ಮ ಕಾಲೇಜು. ಗಾಲ್ಫ್‌ನಲ್ಲಿ ಹೆಣ್ಣಿಗೆ ಗೆರೆ ಮುಂದಿಡಲು ದೇಹದ ಕಾರಣ ಇದೆ. ಕೋಡ್ ಬರೆಯಲು, ಸರ್ಕ್ಯೂಟ್ ಜೋಡಿಸಲು ಅಂಥ ಕಾರಣ ಏನೂ ಇಲ್ಲ. ಹಾಗಾದರೆ ‘ವಿದ್ಯಾರ್ಥಿನಿಯರಿಗೆ ಮಾತ್ರ’ ಎಂಬ ನೋಟಿಸ್ ಯಾಕೆ? ಇಲ್ಲಿಯವರೆಗೆ ನನ್ನ ವಾದ ಗಟ್ಟಿಯಾಗಿಯೇ ಇತ್ತು. ಅದನ್ನು ಕೆಡವಿದ್ದು ನನ್ನದೇ ತಂಡ.

ಕಳೆದ ಸೆಮಿಸ್ಟರಿನಲ್ಲಿ ನಾಲ್ವರು ಸೇರಿ ಕಪ್ಪು ಗೆರೆಯ ಮೇಲೆ ತಾನೇ ಚಲಿಸುವ ಪುಟ್ಟ ರೋಬೊ ಮಾಡಿದೆವು. ಮೂವರು ಹುಡುಗರು, ಅವಳೊಬ್ಬಳು. ಲ್ಯಾಬ್ ರಾತ್ರಿ 9ರವರೆಗೆ ತೆರೆದಿರುತ್ತದೆ. ಹುಡುಗರ ಹಾಸ್ಟೆಲ್ ಗೇಟ್ 10ಕ್ಕೆ ಮುಚ್ಚುತ್ತದೆ, ಹುಡುಗಿಯರದು 7ಕ್ಕೆ. ಸಂಜೆ 5ಕ್ಕೆ ಕ್ಲಾಸ್ ಮುಗಿದರೆ ನಮಗೆ ನಾಲ್ಕು ಗಂಟೆ ಲ್ಯಾಬ್, ಅವಳಿಗೆ ಎರಡೂ ಇಲ್ಲ. ‘ಅವಳು ಬೇಗ ಎದ್ದು ಹೋಗ್ತಾಳೆ ಮಾರಾಯ’ ಎಂದು ನಾವು ಗೊಣಗಿದ್ದೆವು. ಸೆನ್ಸರ್‌ಗಳನ್ನು ಹೊಂದಿಸುವ ಕೆಲಸ ಅವಳ ಪಾಲಿಗಿತ್ತು. ರೋಬೊವನ್ನು ಹಾಸ್ಟೆಲ್ಲಿಗೆ ಒಯ್ದು, ಕಾರಿಡಾರಿನ ನೆಲಕ್ಕೆ ಕಪ್ಪು ಟೇಪ್ ಅಂಟಿಸಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಮುಗಿಸಿದಳು. ಲ್ಯಾಬ್ ಬೆಳಕೇ ಬೇರೆ. ಬೆಳಗ್ಗೆ ಬಂದು ಮತ್ತೆ ಎಲ್ಲ ತಿದ್ದಬೇಕಾಯಿತು. ರಿವ್ಯೂನಲ್ಲಿ ನಾಲ್ವರಿಗೂ ಒಂದೇ ಅಂಕ ಬಂದಾಗ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಅವಳಿಗೆ ಹೆಚ್ಚು ಸಿಕ್ಕಿತು ಎಂಬಂತೆ.

ಗಾಲ್ಫ್ ಬಗ್ಗೆ ಓದುವವರೆಗೆ ನನಗೆ ಹೊಳೆಯದ ವಿಷಯ ಇದು. ಅಲ್ಲಿ ಹೆಣ್ಣಿಗೆ ಗೆರೆ ಮುಂದಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಚರ್ಚೆಯಾಗುತ್ತದೆ, ನಿಯಮ ಬದಲಾಗುತ್ತದೆ. ನಮ್ಮ ಕ್ಯಾಂಪಸ್ಸಿನಲ್ಲಿ ಹೆಣ್ಣಿನ ಗೆರೆ ಗಂಡಿನ ಗೆರೆಗಿಂತ ಹಿಂದೆಯೇ ಇದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಅದಕ್ಕೆ ‘ಸುರಕ್ಷತೆ’ ಎಂದು ಹೆಸರಿಟ್ಟಿದ್ದೇವೆ. ದಿನಕ್ಕೆರಡು ಗಂಟೆ, ವಾರಕ್ಕೆ ಹತ್ತು ಗಂಟೆ, ನಾಲ್ಕು ವರ್ಷ. ಆ ಮೇಲೆ ಒಂದು ದಿನ ಒಂದು ಕಂಪನಿ ಬಂದು ಗೆರೆಯನ್ನು ಸ್ವಲ್ಪ ಮುಂದಿಟ್ಟರೆ ಮಾತ್ರ ನಮಗೆ ಸಮಾನತೆ ನೆನಪಾಗುತ್ತದೆ.

ಹೆಣ್ಣುಮಕ್ಕಳಿಗೆ ಮಾತ್ರ ಎನ್ನುವ ನೇಮಕಾತಿ ಇದಕ್ಕೆ ಸರಿಯಾದ ಮದ್ದು ಎಂದು ನಾನು ಈಗಲೂ ಪೂರ್ತಿ ಒಪ್ಪಿಲ್ಲ. ಬಡ ಮನೆಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನ ಗೆರೆಯೂ ಹಿಂದೆಯೇ ಇದೆ. ಅವನ ನೋಟಿಸ್ ಯಾವ ಬೋರ್ಡಿಗೂ ಬರುವುದಿಲ್ಲ. ಗೇಟ್ 7ಕ್ಕೇ ಮುಚ್ಚಲಿ, ಬದಲಿಗೆ ಒಂದು ಇಂಟರ್ನ್‌ಶಿಪ್ ಕೊಡೋಣ ಎನ್ನುವುದಕ್ಕಿಂತ ಗೇಟನ್ನೇ 10ರವರೆಗೆ ತೆರೆದಿಡುವುದು ಸರಳ. ಹಾಗೆ ಮಾಡಿದ ದಿನ ‘ಒಟ್ಟಿಗೇ ಆಡಲಿ’ ಎನ್ನುವ ಮಾತಿಗೆ ಒಂದು ಅರ್ಥ ಬರುತ್ತದೆ.

ಅಂದ ಹಾಗೆ, ಆ ಇಂಟರ್ನ್‌ಶಿಪ್‌ಗೆ ಅವಳು ಆಯ್ಕೆಯಾದಳು. ಲಿಖಿತ ಪರೀಕ್ಷೆಯ ಪ್ರಶ್ನೆಗಳನ್ನು ಆಮೇಲೆ ನಮಗೆ ತೋರಿಸಿದಳು. ಐದರಲ್ಲಿ ಎರಡು ನನಗೆ ಬರಲಿಲ್ಲ.

ಕಳೆದ ವಾರ ನಾವು ನಾಲ್ವರೂ ಸೇರಿ, ಲ್ಯಾಬ್ ಇರುವ ದಿನಗಳಲ್ಲಾದರೂ ಹುಡುಗಿಯರ ಹಾಸ್ಟೆಲ್ ಗೇಟನ್ನು ರಾತ್ರಿ ಒಂಬತ್ತೂವರೆಯವರೆಗೆ ತೆರೆದಿಡಬೇಕು ಎಂದು ಅರ್ಜಿ ಬರೆದೆವು. 112 ಸಹಿ ಬಿದ್ದಿವೆ. ‘ಗಂಡಸರ ಜೊತೆಗೇ ಆಡಲಿ’ ಎಂದಿದ್ದ ಗೆಳೆಯನದೂ ಅದರಲ್ಲಿದೆ. ಉತ್ತರ ಇನ್ನೂ ಬಂದಿಲ್ಲ.